ಹನ್ನೆರಡನೇ ಮನೆಯ ಮೀಟರು

ಬೇಸಿಗೆಯ ಎರಡನೇ ಕರೆಂಟ್ ಬಿಲ್ಲು ಬಂದ ದಿನ ನನ್ನ ಮಗ ಕೂಲರಿನ ಪ್ಲಗ್ ಕಿತ್ತು, ವೈರನ್ನು ಸುರುಳಿ ಸುತ್ತಿ, ಅದರ ತಲೆಯ ಮೇಲೆಯೇ ಇಟ್ಟ. ಬಸ್ ಡಿಪೋದಲ್ಲಿ ಟೈರು ಬಿಚ್ಚಿ ಹಾಕುವ ಕೆಲಸ ಅವನದು. ಏನನ್ನು ಬಿಚ್ಚಿದರೂ ಅಚ್ಚುಕಟ್ಟಾಗಿ ಬಿಚ್ಚುತ್ತಾನೆ. ಹಳೇ ಸಾಮಾನಿನ ಅಂಗಡಿಯವನಿಗೆ ಹೇಳಿ ಬಂದಿದ್ದೇನೆ, ಮುಂದಿನ ಶುಕ್ರವಾರ ಬಂದು ಒಯ್ಯುತ್ತಾನೆ ಎಂದ. ಮೊದಲನೇ ಬಿಲ್ಲು ಚಳಿಗಾಲದ್ದರ ಮೂರರಷ್ಟಿತ್ತು. ಅದನ್ನು ಹಲ್ಲು ಕಚ್ಚಿ ಕಟ್ಟಿದ್ದ. ಎರಡನೆಯದು ಅದಕ್ಕೂ ಮೇಲೆ.

ಸೊಸೆ ಕಿಟಕಿಯ ಹತ್ತಿರ ಹೊಲಿಗೆ ಮಿಷಿನ್ನಿನ ಮುಂದೆ ಕುಳಿತಿದ್ದಳು. ಅಂಗಿಗಳ ಕಾಲರ್ ಹೊಲಿದುಕೊಡುವುದು ಅವಳ ಕೆಲಸ. ಅಂಗಿಯ ಮಿಕ್ಕ ಭಾಗ ಎಲ್ಲಿ ಹೊಲಿಯುತ್ತಾರೋ ನಮಗೆ ಗೊತ್ತಿಲ್ಲ, ನಮ್ಮ ಮನೆಗೆ ಬರುವುದು ಬರೀ ಕಾಲರು. ಆಗ ಅವಳಿಗೆ ಏಳು ತಿಂಗಳು. ನಮ್ಮದು ಮೂರನೇ ಮಹಡಿ, ಮೇಲೆ ಬರೀ ತಾರಸಿ. ಬೆಳಿಗ್ಗೆ ಹನ್ನೊಂದಕ್ಕೆ ಕಾಯಲು ಶುರುವಾದರೆ ಸಂಜೆ ಗೋಡೆಗೆ ಬೆನ್ನು ಕೊಡಲು ಆಗುವುದಿಲ್ಲ. ಬೇಸಿಗೆ ಶುರುವಾದ ಹೊಸತರಲ್ಲಿ ಮಿಷಿನ್ನಿನ ಮೇಲೆಯೇ ಕಣ್ಣು ಕತ್ತಲೆ ಬಂದು ಬಿದ್ದಿದ್ದಳು, ಸೂಜಿ ಅಂಗೈಗೆ ಹೊಕ್ಕಿತ್ತು. ಮೈ ತಣ್ಣಗಿರಬೇಕು, ಇಲ್ಲದಿದ್ದರೆ ಹೊಟ್ಟೆಯ ಕೂಸಿಗೆ ಕಷ್ಟ ಎಂದು ಡಾಕ್ಟರಮ್ಮ ಕಣ್ಣಿಗೆ ಕಣ್ಣಿಟ್ಟು ಹೇಳಿದ್ದರು. ಕೂಲರ್ ಬಂದದ್ದು ಅವಳ ಕಾಲರಿನ ದುಡ್ಡಿನಲ್ಲೇ.

ಅವಳು ಎದ್ದಳು. ಸುರುಳಿ ಬಿಚ್ಚಿ ಪ್ಲಗ್ಗನ್ನು ಮತ್ತೆ ಗೋಡೆಗೆ ಸಿಕ್ಕಿಸಿದಳು. ಕೂಲರ್ ಗುಂಯ್ ಎಂದಿತು. "ಇದು ಹೋದ ದಿನ ನಾನೂ ಹೋಗ್ತೀನಿ. ಇಬ್ಬರಿಗೂ ಒಂದೇ ಗಾಡಿ ಹೇಳಿ," ಎಂದು ಗಂಡನಿಗೆ ಹೇಳಿ ಮತ್ತೆ ಕಾಲರಿನ ಮುಂದೆ ಕುಳಿತಳು.

ಮಗ ನನ್ನ ಮುಖ ನೋಡಿದ. ಗಂಡ ಹೆಂಡಿರ ಮಾತಿನಲ್ಲಿ ನಾನು ಬಾಯಿ ಹಾಕುವವನಲ್ಲ. ಆದರೆ ಮೊದಲನೇ ಬಿಲ್ಲು ಬಂದಾಗಲೂ ಸುಮ್ಮನಿದ್ದೆ. ಆ ತಿಂಗಳೆಲ್ಲ ಅವಳು ಕೂಲರನ್ನು ಕದ್ದು ಹಾಕಿದವಳ ಹಾಗೆ ಹಾಕಿ, ಗಂಡನ ಹೆಜ್ಜೆ ಸಪ್ಪಳಕ್ಕೆ ಆರಿಸುವುದನ್ನು ನೋಡಿದ್ದೆ. ಅದು ನನ್ನ ಎದೆಯಲ್ಲಿ ಕೂತಿತ್ತು.

"ಶುಕ್ರವಾರದ ತನಕ ಯಾರೂ ಅದನ್ನ ಮುಟ್ಟಬೇಡಿ," ಎಂದೆ.

"ಅಷ್ಟರಲ್ಲಿ ಏನು ಮಾಡ್ತೀಯಪ್ಪಾ?"

"ಕೆಳಗೆ ಹೋಗಿ ಮೀಟರು ನೋಡ್ತೀನಿ."

"ನೋಡು. ಬಣ್ಣ ಒಣಗೋದನ್ನ ನೋಡಿದ ಹಾಗೆ ನೋಡ್ತಾ ಕೂತ್ಕೋ. ಬಿಲ್ಲೂ ಒಣಗುತ್ತೆ."

ನಲವತ್ತೆರಡು ವರ್ಷ ಗೋಡೆಗೆ ಬಣ್ಣ ಬಳಿದವನು ನಾನು. ಬಣ್ಣ ಒಣಗುವುದನ್ನು ನೋಡುವುದು ಸಣ್ಣ ಕೆಲಸವೇನಲ್ಲ. ಅವಸರ ಬಿದ್ದವನ ಗೋಡೆ ಎರಡನೇ ವರ್ಷಕ್ಕೇ ಹೊಪ್ಪಳಿಕೆ ಏಳುತ್ತದೆ. ಇದನ್ನು ಮಗನಿಗೆ ಹೇಳಲಿಲ್ಲ.

ನಮ್ಮ ಕಟ್ಟಡದಲ್ಲಿ ಹನ್ನೆರಡು ಮನೆ. ಹನ್ನೆರಡರ ಮೀಟರೂ ಮೆಟ್ಟಿಲ ಕೆಳಗಿನ ಒಂದೇ ಹಲಗೆಯ ಮೇಲೆ ಸಾಲಾಗಿವೆ. ಚಳಿಗಾಲ ಮುಗಿಯುತ್ತಿದ್ದ ಹಾಗೆ ಕಟ್ಟಡದ ಯಜಮಾನರು ಮೆಟ್ಟಿಲಿಗೆಲ್ಲ ಬಣ್ಣ ಹೊಡೆಸಿದ್ದರು, ಹೊಡೆದವನು ನಾನೇ. ಆ ಹಲಗೆಯನ್ನೂ ಉಜ್ಜಿ, ಬೂದು ಬಣ್ಣ ಬಳಿದು, ಒಂದರಿಂದ ಹನ್ನೆರಡರ ತನಕ ಬಿಳಿಯ ಅಂಕಿ ಬರೆದಿದ್ದೆ. ಅದಾದ ಮರುವಾರ ಕರೆಂಟ್ ಆಫೀಸಿನವರು ಹಳೇ ಮೀಟರು ಕಿತ್ತು ಎಲ್ಲರಿಗೂ ಹೊಸದು ಕೂರಿಸಿ ಹೋಗಿದ್ದರು. ಪ್ರತಿ ಮೀಟರಿನಲ್ಲೂ ಒಂದು ಕೆಂಪು ದೀಪ. ಕರೆಂಟು ಹೆಚ್ಚು ಎಳೆದರೆ ದೀಪ ಬೇಗ ಬೇಗ ಮಿಟುಕುತ್ತದೆ, ಕಡಿಮೆಯಾದರೆ ನಿಧಾನ.

ಬಣ್ಣದ ಡಬ್ಬಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಕುಳಿತೆ. ಎರಡು ದಿನ ಕುಳಿತೆ. ಹೋಗುವವರು ಬರುವವರು ಮಾತಾಡಿಸಿದರು. ಕೆಳಗಿನ ಮನೆಯ ದೋಬಿಯಮ್ಮ ನೀರು ಕೊಟ್ಟು, ಏನು ಮಾವ, ಮೀಟರು ಮೊಟ್ಟೆ ಇಡುತ್ತಾ ಎಂದಳು.

ಗಾರ್ಡ್ ಸಾಹೇಬರೂ ಬಂದರು. ರೈಲಿನಲ್ಲಿ ಗಾರ್ಡ್ ಆಗಿ ನಿವೃತ್ತರಾದವರು, ನಮ್ಮ ಪಕ್ಕದ ಹನ್ನೊಂದನೇ ಮನೆ. ಕಟ್ಟಡಕ್ಕೆಲ್ಲ ಏಸಿ ಇರುವುದು ಅವರ ಮನೆಯಲ್ಲಿ ಮಾತ್ರ. ಈ ಬೇಸಿಗೆಯಲ್ಲಿ ಅವರ ಬಿಲ್ಲು ಇಳಿದಿತ್ತು. ಆ ಬಿಲ್ಲನ್ನು ಮಡಚಿ ಜೇಬಿನಲ್ಲೇ ಇಟ್ಟುಕೊಂಡು, ಸಿಕ್ಕವರಿಗೆಲ್ಲ ಪಾಸು ತೋರಿಸುವ ಹಾಗೆ ತೋರಿಸುತ್ತಿದ್ದರು. ನನಗೂ ತೋರಿಸಿದರು. ಪರದೆ ಎಳೆಯಬೇಕು, ಬಾಗಿಲು ಸುಮ್ಮಸುಮ್ಮನೆ ತೆರೆಯಬಾರದು, ಹೊತ್ತಿಗೆ ಸರಿಯಾಗಿ ಹಾಕಿ ಹೊತ್ತಿಗೆ ಸರಿಯಾಗಿ ಆರಿಸಬೇಕು ಎಂದು ಒಂದೊಂದಾಗಿ ಹೇಳಿದರು. ಕೊನೆಗೆ, "ಶಿಸ್ತು ಬೇಕು ಪೇಂಟರೇ. ನಿಮ್ಮ ಸೊಸೆಗೆ ಸ್ವಲ್ಪ ಹೇಳಿ," ಎಂದರು.

ನಾನು ತಲೆಯಾಡಿಸಿದೆ. ಅವರು ಮೇಲೆ ಹೋದರು. ಹೋದ ಸ್ವಲ್ಪ ಹೊತ್ತಿಗೆ ಹನ್ನೆರಡನೇ ಮೀಟರಿನ ದೀಪ, ಅಂದರೆ ನಮ್ಮದು, ಹುಚ್ಚು ಹಿಡಿದ ಹಾಗೆ ಮಿಟುಕತೊಡಗಿತು. ಸೊಸೆ ಆ ಹೊತ್ತಿಗೆ ಕಾಲರು ಕೊಡಲು ಪೇಟೆಗೆ ಹೋಗಿದ್ದಳು. ಹೋಗುವಾಗ ಕೂಲರ್ ಆರಿಸಿದ್ದನ್ನು ನಾನೇ ಕಂಡಿದ್ದೆ.

ಅವಳು ಬಂದ ಮೇಲೆ ಇಬ್ಬರೂ ಒಂದು ಉಪಾಯ ಮಾಡಿದೆವು. ಮೂರು ಮಹಡಿ ಕೂಗಿದರೆ ಊರಿಗೆಲ್ಲ ಕೇಳುತ್ತದೆ. ಅದಕ್ಕೆ ಅವಳು ಸೌಟು ಹಿಡಿದು ಮೇಲೆ ಮೆಟ್ಟಿಲ ಕಬ್ಬಿಣದ ಕಂಬಿಯ ಹತ್ತಿರ ನಿಲ್ಲುವುದು. ಕೂಲರ್ ಹಾಕಿದರೆ ಒಂದು ಪೆಟ್ಟು, ಆರಿಸಿದರೆ ಎರಡು. ಕಂಬಿ ಕೆಳಗಿನ ತನಕ ಒಂದೇ. ನನ್ನ ಕಿವಿಯ ಹತ್ತಿರವೇ ಟಣ್ ಎನ್ನುತ್ತಿತ್ತು.

ಟಣ್. ಹನ್ನೆರಡನೆಯದು ಮೊದಲು ಹೇಗೆ ಮಿಟುಕುತ್ತಿತ್ತೋ ಹಾಗೆಯೇ ಇತ್ತು. ಪಕ್ಕದ ಹನ್ನೊಂದನೆಯದು ಚುರುಕಾಯಿತು. ಟಣ್ ಟಣ್. ಹನ್ನೊಂದನೆಯದು ನಿಧಾನವಾಯಿತು. ಏಳು ಸಲ ಮಾಡಿಸಿದೆ. ಏಳು ಸಲವೂ ಅಷ್ಟೇ.

ಸೊಸೆ ಮೆಟ್ಟಿಲಿಳಿದು ಬಂದು, ಸೌಟನ್ನು ಕಂಕುಳಲ್ಲಿ ಹಿಡಿದು, ಏನಾಯ್ತು ಮಾವ ಎಂದಳು. ಅಷ್ಟು ಹೊತ್ತಿಗೆ ನನ್ನ ಕಣ್ಣು ಮೀಟರನ್ನು ಬಿಟ್ಟು ಅದರ ಮೇಲಿನ ಅಂಕಿಗೆ ಹೋಗಿತ್ತು.

ನಾನು ಶಾಲೆಗೆ ಹೋದದ್ದು ಎರಡು ಮಳೆಗಾಲ. ಬರವಣಿಗೆ ಕಲಿತದ್ದು ಗೋಡೆಯ ಮೇಲೆ, ಕುಂಚದಲ್ಲಿ. ಬರೆದಿಟ್ಟುಕೊಳ್ಳುವ ಅಭ್ಯಾಸ ಇಲ್ಲದ್ದರಿಂದ ಎಲ್ಲವೂ ನೆನಪಿನಲ್ಲಿರುತ್ತದೆ. ಯಾವ ಮನೆಗೆ ಯಾವ ವರ್ಷ ಯಾವ ಬಣ್ಣ ಹೊಡೆದೆ ಎಂದು ಇವತ್ತೂ ಹೇಳಬಲ್ಲೆ. ಈಗ ನೆನಪಾದದ್ದು ಹಲಗೆ ಉಜ್ಜಿದ ದಿನ. ಹಳೆಯ ಅಂಕಿಗಳು ಅಲ್ಲಿದ್ದವು. ಹತ್ತು ಆದ ಮೇಲೆ ಹನ್ನೆರಡು, ಅದಾದ ಮೇಲೆ ಕೊನೆಗೆ ಹನ್ನೊಂದು ಎಂದಿತ್ತು. ಯಾವನೋ ಅರೆಬರೆ ಕೆಲಸಗಾರ ಹಿಂದುಮುಂದು ಬರೆದಿದ್ದಾನೆ ಎಂದುಕೊಂಡೆ. ಈ ಕಟ್ಟಡದಲ್ಲಿ ಮೂವತ್ತು ವರ್ಷದಿಂದ ಇದ್ದೇನೆ, ಕೊನೆಯ ಮೀಟರು ನಮ್ಮದು ಎಂದು ನನಗೆ ಗೊತ್ತಿಲ್ಲವೇ ಎಂದು ಒಳಗೊಳಗೇ ನಕ್ಕು, ತಿದ್ದಿ, ಸಾಲಾಗಿ ಬರೆದೆ. ಆಫೀಸಿನವರು ಹೊಸ ಮೀಟರು ಕೂರಿಸುವಾಗ ನನ್ನ ಅಂಕಿ ನೋಡಿಯೇ ಅವರ ಪುಸ್ತಕದಲ್ಲಿ ಬರೆದುಕೊಂಡಿರಬೇಕು. ಅಂದಿನಿಂದ ಗಾರ್ಡ್ ಸಾಹೇಬರ ಏಸಿಯ ಬಿಲ್ಲು ನಮಗೆ, ನಮ್ಮ ಕೂಲರಿನದು ಅವರಿಗೆ.

ಸೊಸೆಗೆ ಎಲ್ಲವನ್ನೂ ಹೇಳಿದೆ. ಎರಡು ತಿಂಗಳು ನೀನು ಮಾತು ಕೇಳಿದ್ದು ನನ್ನ ಕೈಯ ತಪ್ಪಿನಿಂದ ಎಂದೆ. ಅವಳು ಹಲಗೆಯನ್ನು ಒಂದು ಗಳಿಗೆ ನೋಡಿದಳು. "ಅಂಕಿ ಮಾತ್ರ ಚೆನ್ನಾಗಿದೆ ಮಾವ," ಎಂದಳು. ಆಮೇಲೆ, "ಈ ಬಿಲ್ಲು ಕಟ್ಟೋದು ಬೇಡ," ಎಂದಳು.

ಗಾರ್ಡ್ ಸಾಹೇಬರ ಬಾಗಿಲು ತಟ್ಟಿದೆ. ಒಳಗಿನಿಂದ ತಣ್ಣನೆಯ ಗಾಳಿ ಬಂದು ಮುಖಕ್ಕೆ ಬಡಿಯಿತು. ಅವರು ಶಾಲು ಹೊದ್ದಿದ್ದರು. ನಾನು ಹೇಳಿದ್ದನ್ನು ನಿಂತೇ ಕೇಳಿ, ಶಿಸ್ತಿನಿಂದ ಉಳಿಸಿದ್ದನ್ನು ಅದೃಷ್ಟದ ಬಾಬ್ತಿಗೆ ಹಾಕಬೇಡಿ ಎಂದು ಬಾಗಿಲು ಹಾಕಿಕೊಂಡರು. ಗಾಳಿ ಹೊರಗೆ ಹೋಗಬಾರದಲ್ಲ.

ಮಾರನೇ ದಿನ ಕರೆಂಟ್ ಆಫೀಸಿಗೆ ಹೋದೆ. ಕೌಂಟರಿನಲ್ಲಿದ್ದ ಹೆಂಗಸು ಪುಸ್ತಕ ತಿರುವಿ, ಹನ್ನೆರಡನೇ ಮನೆಗೆ ಈ ಮೀಟರು ಎಂದೇ ಇದೆ, ಹಲಗೆಯ ಮೇಲೂ ಹಾಗೇ ಬರೆದಿದೆಯಂತಲ್ಲ ಎಂದಳು.

"ಅದನ್ನ ಬರೆದವನು ನಾನೇ ತಾಯಿ."

"ನೀವೇ ಬರೆದು, ಈಗ ನೀವೇ ತಪ್ಪು ಅಂತೀರಾ?"

"ನಾನೇ ಬರೆದಿದ್ದಕ್ಕೇ ಗೊತ್ತು. ಬೇರೆಯವರು ಬರೆದಿದ್ರೆ ಅವರು ಒಪ್ತಿರಲಿಲ್ಲ."

ಅವಳಿಗೆ ನಗು ಬಂತು, ಆದರೆ ಪುಸ್ತಕ ತಿದ್ದಲಿಲ್ಲ. ಮೊದಲು ಬಿಲ್ಲು ಕಟ್ಟಿ, ಆಮೇಲೆ ಅರ್ಜಿ ಹಾಕಿ, ಬೇಸಿಗೆ ಮುಗಿದ ಮೇಲೆ ಯಾರಾದರೂ ಬಂದು ನೋಡುತ್ತಾರೆ ಎಂದಳು. ಬೇಸಿಗೆ ಮುಗಿಯುವ ಹೊತ್ತಿಗೆ ನಮ್ಮ ಮನೆಯ ಕೂಸು ತೊಟ್ಟಿಲಲ್ಲಿರುತ್ತದೆ.

"ಕಟ್ಟಲ್ಲ," ಎಂದೆ.

"ಕಟ್ಟದಿದ್ರೆ ಲೈನ್ ಕಟ್ ಮಾಡ್ತಾರೆ ಅಜ್ಜಾ."

"ಮಾಡ್ಲಿ. ಯಾವತ್ತು ಬರ್ತಾರೆ ಹೇಳಿ, ಮನೇಲೇ ಇರ್ತೀನಿ."

ಹಾಗೆ ಕೇಳಿದವರು ಅವಳಿಗೆ ಹಿಂದೆ ಸಿಕ್ಕಿರಲಿಲ್ಲವೆಂದು ತೋರುತ್ತದೆ. ಇನ್ನೊಂದು ಪುಸ್ತಕ ನೋಡಿ, ಗುರುವಾರ ಎಂದಳು.

ಬುಧವಾರ ಸಂಜೆ ಮಗ ನನ್ನ ಹತ್ತಿರ ಬಂದು ಕುಳಿತ. ಕೂಲರ್ ಕೊಟ್ಟು, ಬಂದದ್ದಕ್ಕೆ ಸ್ವಲ್ಪ ಸೇರಿಸಿ ಕಟ್ಟಿಬಿಡೋಣ, ನಾಲ್ಕು ಜನರ ಮುಂದೆ ಲೈನ್ ಕತ್ತರಿಸಿಕೊಳ್ಳುವುದು ಬೇಡ ಎಂದ. ನಿನ್ನಿಂದಲೇ ಆದದ್ದು ಎಂದು ಎಲ್ಲರ ಮುಂದೆ ಹೇಳಬೇಕಾಗುತ್ತದಪ್ಪಾ ಎಂದೂ ಎಂದ. ಅವನ ಸಂಕಟ ನನಗೆ ಅರ್ಥವಾಯಿತು. ಈ ಬೀದಿಯ ಎಷ್ಟೋ ಅಂಗಡಿಗಳ ಫಲಕ ನಾನು ಬರೆದದ್ದು. ನನ್ನ ಕೈ ತಪ್ಪುವುದಿಲ್ಲ ಎನ್ನುವುದೇ ನಮ್ಮ ಮನೆಯ ಆಸ್ತಿ.

"ಹೇಳ್ತೀನಿ," ಎಂದೆ. "ತಪ್ಪು ಮಾಡಿದ್ದು ನಾನು. ಅದಕ್ಕೆ ಅವಳು ಯಾಕೆ ಬೇಯಬೇಕು?"

ಬೆಳಿಗ್ಗೆ ಅವನು ಡಿಪೋಗೆ ರಜೆ ಹೇಳಿಕಳಿಸಿದ.

ಲೈನ್‌ಮನ್ ಬಂದಾಗ ಬಿಸಿಲು ನೆತ್ತಿಗೆ ಬಂದಿತ್ತು. ಇಕ್ಕಳ ಹಿಡಿದು, ಬೆವರು ಒರೆಸುತ್ತಾ, ಜಗಳಕ್ಕೆ ತಯಾರಾಗಿಯೇ ಬಂದಿದ್ದ. ಅವನಿಗೆ ದಿನವೂ ಅದೇ ಊಟ. ಮೆಟ್ಟಿಲ ಹತ್ತಿರ ಏಳೆಂಟು ಜನ ಸೇರಿದ್ದರು. ನಾನು ನನ್ನ ಡಬ್ಬಿಯಿಂದೆದ್ದು ದಾರಿ ಬಿಟ್ಟೆ.

"ಕಿತ್ತು ಹಾಕಪ್ಪಾ. ಹನ್ನೆರಡು, ಅಲ್ಲಿ ಕೊನೇದು."

"ಬೈಯಲ್ವಾ?" ಎಂದ ಅವನು.

"ಬೈಯೋದಕ್ಕೆ ಏನಿದೆ? ನಿನ್ನ ಕೆಲಸ ನೀನು ಮಾಡು."

ಅವನು ಅನುಮಾನದಿಂದಲೇ ಹನ್ನೆರಡರ ಕೆಳಗಿನ ಫ್ಯೂಸು ಎಳೆದ. ಕೆಂಪು ದೀಪ ಆರಿತು. ಎಲ್ಲರೂ ತಲೆ ಎತ್ತಿ ಮೇಲೆ ನೋಡಿದರು. ಮೂರನೇ ಮಹಡಿಯಿಂದ ನಮ್ಮ ಕೂಲರಿನ ಗುಂಯ್ ಸದ್ದು ಹಾಗೆಯೇ ಕೇಳುತ್ತಿತ್ತು. ಅದರ ಜೊತೆಗೆ ಸೊಸೆ ತುಳಿಯುವ ಮಿಷಿನ್ನಿನ ಸದ್ದು.

ಲೈನ್‌ಮನ್ ಕೈಯಲ್ಲಿದ್ದ ಫ್ಯೂಸನ್ನೊಮ್ಮೆ, ಮೇಲೊಮ್ಮೆ ನೋಡಿದ. ಮೇಲೆ ಒಂದು ಬಾಗಿಲು ತೆರೆದ ಸದ್ದಾಯಿತು. ಗಾರ್ಡ್ ಸಾಹೇಬರು ಶಾಲು ಹೊದ್ದುಕೊಂಡೇ ದಡದಡ ಇಳಿದು ಬಂದರು. ಆ ಉರಿಬಿಸಿಲಲ್ಲಿ ಶಾಲು ನೋಡಿ ದೋಬಿಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನನ್ನ ಕರೆಂಟ್ ತೆಗೆದಿದ್ದು ಯಾರು? ಬಿಲ್ಲು ಕಟ್ಟಿದ್ದೀನಿ ನಾನು," ಎಂದು ಜೇಬಿನಿಂದ ಅದನ್ನು ತೆಗೆದರು.

"ನಿಮ್ಮ ಮನೆ ಯಾವುದು ಸಾರ್?"

"ಹನ್ನೊಂದು."

"ನಾನು ತೆಗೆದಿದ್ದು ಹನ್ನೆರಡರದ್ದು."

ಗಾರ್ಡ್ ಸಾಹೇಬರು ಹಲಗೆಯನ್ನು ನೋಡುತ್ತಾ ನಿಂತರು. ಅವರ ಮುಖದಲ್ಲಿ ಏನೋ ತಡವಾಗಿ ಬಂದು ನಿಂತಿತು. ಆರು ವರ್ಷದ ಹಿಂದೆ ಏಸಿ ಹಾಕಿಸಿದಾಗ, ದಪ್ಪ ವೈರು ಎಳೆಯಲು ಅನುಕೂಲವೆಂದು ತಮ್ಮ ಮೀಟರನ್ನು ಕೊನೆಗೆ ಹಾಕಿಸಿ, ನಮ್ಮದನ್ನು ಒಳಗೆ ಸರಿಸಿದ್ದರಂತೆ. ಅದನ್ನು ಅವರೇ ಮೆಲ್ಲಗೆ ಹೇಳಿದರು. ಆಗ ನಾನು ಬೇರೆ ಊರಿನಲ್ಲಿ ಆಸ್ಪತ್ರೆಯೊಂದರ ಗೋಡೆ ಬಳಿಯುತ್ತಿದ್ದೆ. ಅಂದರೆ ಆ ಹಿಂದುಮುಂದಾದ ಅಂಕಿಯೇ ಸರಿ. ಅದನ್ನು ಬರೆದವನು ಅರೆಬರೆ ಕೆಲಸಗಾರನಲ್ಲ.

"ಹಾಗಾದ್ರೆ ತಪ್ಪು ಈ ಅಂಕಿ ಬರೆದವರದ್ದು," ಎಂದರು ಗಾರ್ಡ್ ಸಾಹೇಬರು. ಬರೆದವರು ಯಾರೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ನನ್ನದೇ," ಎಂದೆ. "ತಪ್ಪು ನನ್ನದು. ತಣ್ಣಗೆ ಮಲಗಿದ್ದು ನೀವು. ನನ್ನ ಪಾಲು ನಾನು ಒಪ್ಕೊಂಡೆ, ನಿಮ್ಮ ಪಾಲು ನೀವು ಒಪ್ಕೊಳ್ಳಿ. ನನ್ನ ಸೊಸೆ ಪಾಲಿಗೆ ಇದರಲ್ಲಿ ಏನೂ ಇಲ್ಲ."

ಅವರು ಶಾಲು ತೆಗೆದು ಮಡಚಿದರು. ಮಡಚುವುದಕ್ಕೆ ಬಹಳ ಹೊತ್ತು ತೆಗೆದುಕೊಂಡರು. ಆಮೇಲೆ ಆ ಬಿಲ್ಲನ್ನು ಲೈನ್‌ಮನ್ ಕೈಗೆ ಕೊಟ್ಟು, "ಇದು ಇವರದ್ದು. ಇವರ ಹತ್ರ ಇರೋದು ನನ್ನದು. ಎರಡು ತಿಂಗಳದ್ದೂ. ಹಾಗೇ ಬರ್ಕೊಳ್ಳಿ," ಎಂದರು. ರೈಲು ತಡವಾದರೂ ಸರಿಯಾದ ನಿಲ್ದಾಣದಲ್ಲೇ ನಿಲ್ಲಿಸಿದರು, ಅದನ್ನು ಒಪ್ಪಬೇಕು.

ಲೈನ್‌ಮನ್ ಪುಸ್ತಕದಲ್ಲಿ ಬರೆದುಕೊಂಡ. ಆದರೆ ಹಲಗೆಯ ಅಂಕಿ ಹೀಗೇ ಇದ್ದರೆ ಆಫೀಸಿನಲ್ಲಿ ತನ್ನ ಮಾತು ನಡೆಯುವುದಿಲ್ಲ, ಅಂಕಿ ಬದಲಾಯಿಸಲು ಯಜಮಾನರ ಒಪ್ಪಿಗೆ ಬೇಕೇನೋ ಎಂದ.

"ಬರೆಯೋವಾಗ ಯಾರನ್ನೂ ಕೇಳಿರಲಿಲ್ಲ," ಎಂದೆ.

ನಾನು ಹೇಳುವ ಮೊದಲೇ ಮಗ ಮೇಲೆ ಹೋಗಿ ಬಿಳಿ ಬಣ್ಣ, ಬೂದು ಬಣ್ಣ, ನನ್ನ ಸಣ್ಣ ಕುಂಚ ತಂದಿದ್ದ. ಬಣ್ಣದ ಮುಚ್ಚಳವನ್ನು ಅವನೇ ತೆಗೆದುಕೊಟ್ಟ. ನಾಲ್ಕು ಜನರ ಎದುರಿಗೆ ನಾನು ನನ್ನ ಎರಡು ಅಂಕಿಗಳನ್ನು ಅಳಿಸಿದೆ. ಬೂದು ಬಣ್ಣ ಒಣಗುವ ತನಕ ಕಾದೆ. ಲೈನ್‌ಮನ್ ಹೊತ್ತಾಯಿತು ಎಂದ, ಅವನನ್ನೂ ಕಾಯಿಸಿದೆ. ಆಮೇಲೆ ಹಿಂದಿನದಕ್ಕಿಂತ ಒಂದು ಬೆರಳು ದೊಡ್ಡದಾಗಿ, ಹತ್ತರ ಪಕ್ಕದಲ್ಲಿ ಹನ್ನೆರಡು ಬರೆದೆ, ಕೊನೆಗೆ ಹನ್ನೊಂದು.

ಕುಂಚ ಎತ್ತುವ ಹೊತ್ತಿಗೆ ಹನ್ನೆರಡರ ದೀಪ ನಿಧಾನವಾಯಿತು. ಕಂಬಿಯಲ್ಲಿ ಟಣ್ ಟಣ್ ಎಂದು ಎರಡು ಪೆಟ್ಟು ಕೇಳಿತು. ಸೊಸೆ ಕೂಲರಿಗೆ ನೀರು ತುಂಬುತ್ತಿದ್ದಾಳೆ ಎಂದುಕೊಂಡೆ. ಎಲ್ಲರೂ ದೀಪವನ್ನೇ ನೋಡುತ್ತಾ ನಿಂತರು, ಮಗನೂ.

ಟಣ್.

ಹಸಿ ಅಂಕಿಯ ಕೆಳಗೆ ನಮ್ಮ ದೀಪ ಚುರುಕಾಯಿತು.