ಮನಿಯವರ ಹೆಸರಿನ ಟಿಕೀಟು

ಮೊದಲಿಗೇ ಕ್ಷಮೆ ಕೇಳಬೇಕು. ತೀರಿಹೋದವರ ಟಿಕೀಟಿನ ವಿಷಯವನ್ನು ನಾಲ್ಕು ಜನರ ಮುಂದೆ ಓದುವ ಕಥೆ ಮಾಡಬಾರದೇನೋ. "ಹೇಳ್ರಿ, ನನ್ನಂಥಾ ಇನ್ನೊಬ್ಬಾಕಿಗೆ ಉಪಯೋಗ ಆಗ್ಲಿ" ಎಂದು ಕಲ್ಲವ್ವನವರೇ ಅಂದದ್ದರಿಂದ ಧೈರ್ಯ ಮಾಡಿದೆ. ಕಾಯಿದೆಯ ಮಾತು ಬರುವ ಕಡೆ ಎರಡೆರಡು ಸಲ ವಿಚಾರಿಸಿ ಬರೆದಿದ್ದೇನೆ. ಅಷ್ಟಾದರೂ ತಪ್ಪು ಕಂಡರೆ ತಿಳಿದವರು ತಿದ್ದಿ ಓದಬೇಕು.

ಕಲ್ಲವ್ವ ಬೈಲಹೊಂಗಲದ ಕಡೆಯವರು. ಈಗ ಪುಣೆಯ ಸದಾಶಿವ ಪೇಠದ ಹಳೆಯ ವಾಡೆಯೊಂದರ ಮೇಲಂತಸ್ತಿನ ಎರಡು ಖೋಲಿಗಳಲ್ಲಿ, ಅಂದರೆ ಕೋಣೆಗಳಲ್ಲಿ, ಇದ್ದಾರೆ. ಕಡಕ್ ರೊಟ್ಟಿ, ಶೇಂಗಾ ಹೋಳಿಗೆ ಮಾಡಿ ಮಾರುತ್ತಾರೆ. ಮಗಳು ದೀಪಾಲಿ ವಿಮಾನ ನಗರದ ಆಫೀಸಿಗೆ ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಹಗಲೆಲ್ಲ ಮನೆಯಲ್ಲಿ ಕಲ್ಲವ್ವ ಒಬ್ಬರೇ.

ಒಬ್ಬರೇ ಎಂದು ಬೇರೆಯವರು ತಿಳಿದಿದ್ದರು. ಕಲ್ಲವ್ವನಿಗೆ ಹಾಗೆ ಅನ್ನಿಸುತ್ತಿರಲಿಲ್ಲ.

ತಿಂಗಳಿಗೊಮ್ಮೆ, ಮಧ್ಯಾಹ್ನ ಮೂರೂ ನಲವತ್ತಕ್ಕೆ, ಅವರ ಫೋನು ಗುಂಯ್ ಎನ್ನುತ್ತಿತ್ತು. ವಿಮಾನ ಕಂಪನಿಯ ಮೆಸೇಜು. ಇಂಗ್ಲಿಷಿನಲ್ಲಿರುವುದನ್ನು ದೀಪಾಲಿ ಒಮ್ಮೆ ಓದಿ ಹೇಳಿದ್ದಳು: "ಪ್ರಿಯ ಮನಿಯವರ, ನಿಮ್ಮ ದಿಲ್ಲಿ–ಪುಣೆ ಪ್ರಯಾಣ ಇನ್ನೂ ಬಾಕಿ ಇದೆ. ಬರುವ ತಾರೀಖು ತಿಳಿಸಿ. ನಿಮಗಾಗಿ ಕಾದಿದ್ದೇವೆ."

ಮನಿಯವರ ಅಂದರೆ ಯಾರು? ಅದನ್ನು ಹೇಳಬೇಕಾದರೆ ಎರಡು ಸಾವಿರದ ಇಪ್ಪತ್ತರ ಮಾರ್ಚ್ ತಿಂಗಳಿಗೆ ಹೋಗಬೇಕು.

ಕಲ್ಲವ್ವನ ಗಂಡ ಕಾಡಪ್ಪ ಮಾರ್ಕೆಟ್ ಯಾರ್ಡಿನ ಬೆಲ್ಲದ ಅಂಗಡಿಯಲ್ಲಿ ಗುಮಾಸ್ತರು. ಮಾಲೀಕರ ಕೆಲಸಕ್ಕೆಂದು ರೈಲಿನಲ್ಲಿ ದಿಲ್ಲಿಗೆ ಹೋಗಿದ್ದರು. ಅಷ್ಟರಲ್ಲಿ ಕೊರೋನಾ ಸುದ್ದಿ ಎದ್ದಿತು. ಗಾಬರಿಯಾದ ಕಲ್ಲವ್ವ ಓಣಿಯ ಟ್ರಾವೆಲ್ ಅಂಗಡಿಗೆ ಹೋಗಿ, ತಮ್ಮ ಬ್ಯಾಂಕಿನ ಕಾರ್ಡು ಕೊಟ್ಟು, ಜೀವನದಲ್ಲಿ ಮೊದಲ ಸಲ ವಿಮಾನದ ಟಿಕೀಟು ಮಾಡಿಸಿದರು. ಮಾರ್ಚ್ ಇಪ್ಪತ್ತೇಳರ ಟಿಕೀಟು. ಪುಣೆಯಲ್ಲಿ ಇಳಿಯುವುದು ಮೂರೂ ನಲವತ್ತಕ್ಕೆ.

ಅಂಗಡಿಯ ಸ್ವಪ್ನಿಲ್ ಮರಾಠಿಯಲ್ಲಿ ಕೇಳಿದ. "ಕಾಕೂ, ಪ್ಯಾಸೆಂಜರಚಂ ನಾವ್ ಕಾಯ್?"

ಹೆಸರೇನು ಎಂದು ಕೇಳಿದರೆ ಕಲ್ಲವ್ವ ಹೇಗೆ ಹೇಳುತ್ತಾರೆ? ಗಂಡನ ಹೆಸರನ್ನು ಅವರು ಬಾಯಿಬಿಟ್ಟು ಹೇಳಿದ್ದು ಒಂದೇ ಸಲ, ಮದುವೆಯ ದಿನ ಬಾಗಿಲಲ್ಲಿ ತಡೆದು ನಿಲ್ಲಿಸಿದ ಹೆಂಗಸರ ಮುಂದೆ, ಒಡಪು ಕಟ್ಟಿ, ಅಂದರೆ ಹೆಸರನ್ನು ಪ್ರಾಸದ ಪದ್ಯದಲ್ಲಿ ಸೇರಿಸಿ. ಅವತ್ತು ಅಂಗಡಿಯಲ್ಲೂ ರೂಢಿಯ ಪ್ರಕಾರ ಸೆರಗು ಸರಿಮಾಡಿಕೊಂಡು "ನಮ್ಮ ಮನಿಯವರು" ಅಂದರು.

"ಮನಿಯವರ್? ಬರಂ", ಆಗಲಿ, ಎಂದು ಆತ ಕಂಪ್ಯೂಟರಿನಲ್ಲಿ ಹಾಗೇ ಒತ್ತಿದ. ಬೆಳಗಾವಿ ಕಡೆಯ ಅಡ್ಡಹೆಸರುಗಳು ಹೀಗೇ ಇರುತ್ತವೆ ಎಂದು ಅವನಿಗೆ ಗೊತ್ತಿತ್ತು.

ಟಿಕೀಟು ಫೋನಿಗೆ ಬಂದಾಗ ಕಾಡಪ್ಪ ದಿಲ್ಲಿಯಿಂದ ನಕ್ಕಿದ್ದರು. "ಲೇ, ಈ ವಯಸ್ಸಿನ್ಯಾಗ ನನಗ ಹೊಸಾ ನಾಮಕರಣ ಮಾಡೀ ಏನ?"

ಮಾರ್ಚ್ ಇಪ್ಪತ್ತೈದಕ್ಕೆ ದೇಶವೇ ಬಂದ್ ಆಯಿತು. ವಿಮಾನ ರದ್ದಾಯಿತು. ಏಪ್ರಿಲ್ ಹದಿನೇಳಕ್ಕೆ ಕಾಡಪ್ಪ ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಮುಖ ನೋಡಲಿಲ್ಲ, ಮಣ್ಣು ಹಾಕಲಿಲ್ಲ. ಅವರ ಕೈಚೀಲ, ಫೋನು ಯಾವುದೂ ಬರಲಿಲ್ಲ. ಅಂಚೆಯಲ್ಲಿ ಒಂದು ಮರಣಪತ್ರ ಬಂತು, ಅಷ್ಟೇ.

ಆಮೇಲೆ ಮೆಸೇಜು ಬರತೊಡಗಿತು. ನಿಮಗಾಗಿ ಕಾದಿದ್ದೇವೆ, ಎಂದು.

ಮೆಸೇಜು ಬಂದ ದಿನ ಕಲ್ಲವ್ವ ಬಾಗಿಲ ಚಿಲಕ ತೆಗೆದಿಡುತ್ತಿದ್ದರು. ಊರಿಂದ ಬಂದವರ ಕಾಲಿಗೆಂದು ಹೊಸ್ತಿಲ ಹತ್ತಿರ ಒಂದು ತಂಬಿಗೆ ನೀರು ಇಡುತ್ತಿದ್ದರು. ವಾಡೆಯ ಕಟ್ಟಿಗೆಯ ಮೆಟ್ಟಿಲು ಬಿಸಿಲಿಗೆ ತಾನಾಗಿಯೇ ಕಿರ್ರೆನ್ನುತ್ತಿತ್ತು. ಒಂದು, ಎರಡು, ಮೂರು ಮೆಟ್ಟಿಲು. ನಾಲ್ಕನೆಯದು ಯಾವತ್ತೂ ಕಿರ್ರೆನ್ನುತ್ತಿರಲಿಲ್ಲ. ಒಂದು ಸಲ ತಂಬಿಗೆಯಲ್ಲಿ ನೀರು ಅರ್ಧಕ್ಕೆ ಇಳಿದಿತ್ತು. ಬೆಕ್ಕು ಕುಡಿದಿರಬೇಕು ಎಂದು ದೀಪಾಲಿ ಅಂದಳು. ಕಲ್ಲವ್ವ ಹೂಂ ಅಂದರು.

"ಅವ್ವಾ, ಆ ದುಡ್ಡರ ವಾಪಸ್ ಕೇಳೂಣು" ಎಂದು ಮಗಳು ಎಷ್ಟೋ ಸಲ ಹೇಳಿದಳು.

"ಬ್ಯಾಡ. ಟಿಕೀಟು ಹಂಗ ಇರ್ಲಿ."

"ಯಾಕ?"

ಕಲ್ಲವ್ವ ಎದ್ದು ರೊಟ್ಟಿಯ ಹಿಟ್ಟು ನಾದಲು ಕೂರುತ್ತಿದ್ದರು. ಐದು ವರ್ಷ ಹೀಗೇ ಕಳೆಯಿತು.

ಈ ವರ್ಷ ಶ್ರಾವಣದಲ್ಲಿ ಒಂದು ಮಧ್ಯಾಹ್ನ ಮೆಸೇಜು ಬರಲಿಲ್ಲ, ಫೋನೇ ಬಂತು. ಒಬ್ಬ ಗಂಡಸು ಹಿಂದಿಯಲ್ಲಿ ಬಹಳ ಮೃದುವಾಗಿ ಮಾತಾಡಿದ. "ಮನಿಯವರ್ ಜೀ ಕಾ ಘರ್?" ಮನಿಯವರ ಮನೆಯೇ, ಎಂದು.

ಕಲ್ಲವ್ವನ ಕೈಯ ಲಟ್ಟಣಿಗೆ ನಿಂತಿತು. "ಹೌದ್ರಿ... ಹಾಂಜಿ."

ಮನಿಯವರ ಜೀ ಅವರ ಪ್ರಯಾಣ ಪಕ್ಕಾ ಆಗುತ್ತಿದೆ, ನಿಮ್ಮ ಫೋನಿಗೆ ಆರು ಅಂಕಿ ಬರುತ್ತವೆ, ಓದಿ ಹೇಳಿ, ಎಂದ ಆತ. ಅಂಕಿ ಬಂದವು. ಅಂಕಿ ಹೇಳುವ ಮೊದಲು ಅವರು ಕೇಳಿದ್ದು ಒಂದೇ ಮಾತು. "ಅವ್ರು ಈಗ ಎಲ್ಲಿ ಅದಾರ್ರಿ?"

ಆ ಕಡೆಯವನು, "ಯಹೀಂ ಹೈಂ, ಮೇರೇ ಪಾಸ್" ಅಂದ. ಇಲ್ಲೇ ಇದ್ದಾರೆ, ನನ್ನ ಹತ್ತಿರ, ಎಂದು.

ಅದೇ ಹೊತ್ತಿಗೆ ಹೋಳಿಗೆಯ ಖಾಲಿ ಡಬ್ಬಿ ಮರಳಿಸಲು ಕೆಳಗಿನ ಖೋಲಿಯ ಶೈಲಶ್ರೀ ಬಂದರು. ಧಾರವಾಡದವರು, ಗ್ರಾಹಕರ ಸಂಘವೊಂದರಲ್ಲಿ ವಾರಕ್ಕೆ ಎರಡು ದಿನ ಕೆಲಸ ಮಾಡುತ್ತಾರೆ. ಕಲ್ಲವ್ವನ ಬಾಯಿಂದ "ನಾಲ್ಕು, ಒಂದು..." ಎಂದು ಬರುತ್ತಿದ್ದಂತೆ ಫೋನು ಕಿತ್ತುಕೊಂಡು ಕಟ್ ಮಾಡಿದರು.

"ಅಕ್ಕಾರ! ಓಟಿಪಿ ಯಾರಿಗೆ ಹೇಳಾಕ ಹತ್ತೀರಿ?"

"ವಿಮಾನದವ್ರಿಗೆ. ಅವ್ರ ಹತ್ರ ಅದಾರಂತ, ಶೈಲಾ."

"ಯಾರು?"

ಕಲ್ಲವ್ವ ಬಾಗಿಲ ಕಡೆ ನೋಡಿದರು. ಶೈಲಶ್ರೀ ತಂಬಿಗೆಯನ್ನು ನೋಡಿ, ಡಬ್ಬಿ ಕೆಳಗಿಟ್ಟು ಹತ್ತಿರ ಕೂತರು.

"ಅಕ್ಕಾರ, ಅವ ಕಳ್ಳ. ಆ ಆರು ಅಂಕಿ ಹೇಳಿದ್ರ ನಿಮ್ಮ ಖಾತಿ ಬರಿದಾಗ್ತಿತ್ತು. ಕಂಪನಿಯವ್ರು ದುಡ್ಡು ಕೊಡಾಕ ಯಾವತ್ತೂ ಓಟಿಪಿ ಕೇಳೂದಿಲ್ಲ. ಹಳೇ ಟಿಕೀಟಿನ ಹೆಸರು ಎಲ್ಲೆಲ್ಲೋ ಸೋರಿ ಇಂಥವ್ರ ಕೈಗೆ ಸಿಗ್ತಾವ. ಮೊದ್ಲ ಬ್ಯಾಂಕಿಗೆ ಹೇಳೂಣು. ದುಡ್ಡು ಹೋಗಿದ್ರ ಒಂದು ಒಂಬತ್ತು ಮೂರು ಸೊನ್ನೆ, ಸೈಬರ್ ಕಳ್ಳತನದ ಸಹಾಯವಾಣಿ, ಅಲ್ಲಿಗೆ ತಕ್ಷಣ ಫೋನ್ ಮಾಡಬೇಕಾಗ್ತಿತ್ತು."

"ಮತ್ತ ತಿಂಗ್ಳಾ ಬರೂ ಮೆಸೇಜು?"

"ಅದು ಖರೇ ಕಂಪನಿದು. ಆದ್ರ ಅದನ್ನ ಮನುಷ್ಯಾರು ಬರಿಯೂದಿಲ್ಲ, ಮಶೀನ್ ಕಳಸ್ತದ. ರದ್ದಾದ ಟಿಕೀಟಿನ ದುಡ್ಡು ನಿಮಗ ಕೊಡ್ಲಿಲ್ಲ, ಮುಂದ ಎಂದರ ಹೋಗ್ರಿ ಅಂತ ತಮ್ಮ ಹತ್ರನ ಇಟಗೊಂಡಾರ. ಅದಕ್ಕ ಕ್ರೆಡಿಟ್ ಶೆಲ್ ಅಂತಾರ."

"ಕೊಡ್ಲಿಲ್ಲಂದ್ರ ಬಿಡ್ಲಿ. ಐದು ವರ್ಷದ ಮಾತು. ಈಗ ಯಾರು ಕೊಡ್ತಾರ?"

"ಕೊಡಬೇಕ್ರಿ. ಇಪ್ಪತ್ತನೇ ಇಸವಿ ಅಕ್ಟೋಬರದಾಗ ಸುಪ್ರೀಂ ಕೋರ್ಟ್ ಹೇಳೇದ. ಲಾಕ್‌ಡೌನಿಗೆ ರದ್ದಾದ ಟಿಕೀಟಿನ ದುಡ್ಡು ಹದಿನೈದು ದಿನದಾಗ ವಾಪಸ್ ಕೊಡ್ರಿ. ಕಂಪನಿಗೆ ಅಡಚಣಿ ಇದ್ರ ಇಪ್ಪತ್ತೊಂದರ ಮಾರ್ಚ್ ಕಡೀತನಕ ಶೆಲ್ಲಿನ್ಯಾಗ ಇಡ್ರಿ. ಅಲ್ಲೀತನಕ ಬಳಸಲಿಲ್ಲಂದ್ರ ರೊಕ್ಕಾನ ಕೊಡ್ರಿ, ಅಂತ. ನಿಮ್ಮ ಖಾತಿಯಿಂದ ಹೋಗಿದ್ದು ನಿಮ್ಮ ಖಾತಿಗೇ ಬರಬೇಕು."

ಕಲ್ಲವ್ವ ಹಿಟ್ಟಿನ ಕೈಯನ್ನು ನಿಧಾನವಾಗಿ ಒರೆಸಿಕೊಂಡರು. "ದುಡ್ಡು ತಗೊಂಡ್ರ ಟಿಕೀಟು ಹೋಗ್ತೈತಿ?"

"ಹೋಗ್ತದ."

"ಬರೂ ಹಾದಿ ನಾನ ಮುಚ್ಚಿದಂಗ ಆಗೂದಿಲ್ಲೇನ?"

ಐದು ವರ್ಷ ಮಗಳಿಗೆ ಹೇಳದ ಉತ್ತರ ಇದು. ಮೆಟ್ಟಿಲ ಮೇಲೆ ಕಿರ್ರೆಂದಿತು. ಇಬ್ಬರೂ ನೋಡಿದರು. ಯಾರೂ ಇರಲಿಲ್ಲ.

ಶೈಲಶ್ರೀ ಮೆಲ್ಲಗೆ ಅಂದರು. "ಕಠೋರ ಮಾತು ಆಡ್ತೀನಿ, ತಪ್ಪು ತಿಳೀಬ್ಯಾಡ್ರಿ. ಈ ಟಿಕೀಟಿನ್ಯಾಗ ಕಾಡಪ್ಪಣ್ಣನ ಹೆಸರು ಇಲ್ಲ. ವಿಮಾನ ಹೊರಟಿದ್ರೂ ಅವರ್ನ ಒಳಗ ಬಿಡ್ತಿದ್ದಿಲ್ಲ."

"ಅದ ನನ್ನ ತಿನ್ನಾಕ ಹತ್ತೈತಿ" ಎಂದು ಕಲ್ಲವ್ವ ಗಳಗಳನೆ ಅತ್ತರು. "ಒಂದು ಹೆಸರು ಬಾಯಿಬಿಟ್ಟು ಹೇಳಿದ್ರ ಏನ್ ಹೋಗ್ತಿತ್ತು? ನಾ ಹೇಳಿಲ್ಲ ಅಂತ ಅವ್ರು ಅಲ್ಲೇ ನಿಂತಾರ. ಯಾರ ಹೆಸರಿಗೂ ಅಲ್ಲದಂಗ ನಿಂತಾರ."

"ಹಂಗಾದ್ರ ಹೆಸರು ಹೇಳ್ರಿ. ಆ ಟಿಕೀಟು ಅವ್ರದು ಅಂತ ಹೇಳ್ರಿ. ಬಿಡಸ್ರಿ."

ಮರುದಿನ ದೀಪಾಲಿ ರಜೆ ಹಾಕಿದಳು. ಗೂಗಲಿನಲ್ಲಿ ಸಿಕ್ಕ ನಂಬರು ಬೇಡ, ಅಲ್ಲೂ ಕಳ್ಳರಿರುತ್ತಾರೆ ಎಂದು ಶೈಲಶ್ರೀ ಹಳೆಯ ಟಿಕೀಟಿನ ಮೇಲಿದ್ದ ನಂಬರನ್ನು ಕಂಪನಿಯ ಸ್ವಂತ ವೆಬ್‌ಸೈಟಿನ ಜೊತೆ ತಾಳೆ ನೋಡಿ ಫೋನ್ ಮಾಡಿದರು. ಟಿಕೀಟಿನ ಆರು ಅಕ್ಷರದ ಗುರುತು, ಬ್ಯಾಂಕಿನ ಪಾಸ್‌ಬುಕ್, ಮರಣಪತ್ರ ಮುಂದೆ ಇಟ್ಟುಕೊಂಡಿದ್ದರು. ಸ್ಪೀಕರಿನಲ್ಲಿ ಮರಾಠಿ ಮಾತಾಡುವ ಒಬ್ಬ ಗಂಡಸಿನ ದನಿ ಬಂತು. ಎಲ್ಲ ಕೇಳಿಕೊಂಡು ಆತ, ಪ್ರಯಾಣಿಕರ ಖರೇ ಹೆಸರನ್ನು ದುಡ್ಡು ಕೊಟ್ಟವರೇ ಹೇಳಬೇಕು, ಮಾತು ರೆಕಾರ್ಡ್ ಆಗುತ್ತದೆ, ಅಂದ.

ಕಲ್ಲವ್ವ ಪಾಸ್‌ಬುಕ್ಕಿನ ಅಂಚು ತಿಕ್ಕುತ್ತ ಕೂತರು.

"ಅವ್ವಾ, ಹೇಳ" ಎಂದಳು ದೀಪಾಲಿ.

"ಬರವಲ್ದು."

"ಹ್ಯಾಂಗ ಬರ್ತದೋ ಹಂಗ ಹೇಳ್ರಿ, ಅಕ್ಕಾರ" ಎಂದರು ಶೈಲಶ್ರೀ.

ಕಲ್ಲವ್ವ ಸೆರಗು ತಲೆಯ ಮೇಲೆಳೆದುಕೊಂಡರು. ಕಣ್ಣು ಮುಚ್ಚಿ, ಹದಿನೆಂಟು ವರ್ಷದ ಮದುಮಗಳ ದನಿಯಲ್ಲಿ ಹೇಳಿದರು:

"ಹೂರಣದ ಹೋಳಿಗಿ ಮ್ಯಾಲ ಹೊಯ್ದೀನಿ ತುಪ್ಪ,
ಕರದ್ರ ಓ ಅಂತಾರ ನಮ್ಮ ಕಾಡಪ್ಪ."



"ಹೋ" ಎಂದಿತು ಫೋನಿನ ದನಿ.

ದೀಪಾಲಿ ಅವ್ವನ ತೋಳು ಹಿಡಿದಳು. ಮರಾಠಿಯಲ್ಲಿ ಹೋ ಅಂದರೆ ಹೌದು, ಅಷ್ಟೇ. ಮೂವರಿಗೂ ಅದು ಗೊತ್ತಿತ್ತು. ಆದರೂ ಮೂವರೂ ಬಾಗಿಲ ಕಡೆ ನೋಡಿದರು.

"ಹೋ, ಕಾಡಪ್ಪ. ಬರೋಬರ್ ಆಹೆ", ಸರಿಯಾಗಿದೆ, ಎಂದು ಆತ ಮುಂದುವರಿಸಿದ. ಆಮೇಲೆ ಕಂಪ್ಯೂಟರಿನಲ್ಲಿದ್ದ ಟಿಪ್ಪಣಿಯೊಂದನ್ನು ಓದಿದ. ಪ್ರಯಾಣಿಕರು ಸ್ವತಃ ಫೋನ್ ಮಾಡಿದ್ದಾರೆ. ಹೆಸರು ತಪ್ಪಾಗಿದೆ, ಕಾಡಪ್ಪ ಎಂದು ತಿದ್ದಿಕೊಳ್ಳಿ, ದುಡ್ಡನ್ನು ಹೆಂಡತಿಯ ಖಾತೆಗೆ ಹಾಕಿ ಎಂದು ಹೇಳಿದ್ದಾರೆ. ಆಮೇಲೆ ಅದರ ಪ್ರಕಾರ ಯಾರೂ ಕೆಲಸ ನಡೆಸಿಲ್ಲ.

"ಯಾವಾಗ?" ಎಂದು ಕೇಳಿದವರು ಶೈಲಶ್ರೀ.

"ಹತ್ತೊಂಬತ್ತು ಏಪ್ರಿಲ್, ಎರಡು ಸಾವಿರದ ಇಪ್ಪತ್ತು."

ಮರಣಪತ್ರ ಅವರ ಮುಂದೆಯೇ ಇತ್ತು. ಅದರಲ್ಲಿ ಹದಿನೇಳು ಎಂದಿತ್ತು.

ಕಲ್ಲವ್ವ ಕಾಗದ ನೋಡಲಿಲ್ಲ. "ಹೆಸರು ತಿದ್ದಸ್ಯಾರ" ಅಂದರು. "ನನ್ನ ತಪ್ಪು ತಿದ್ದಿ ಹೋಗ್ಯಾರ." ಆಮೇಲೆ ಫೋನಿನ ಹತ್ತಿರ ಬಾಗಿ ಗಟ್ಟಿಯಾಗಿ, "ಟಿಕೀಟು ರದ್ದು ಮಾಡ್ರಿ" ಅಂದರು.

ದುಡ್ಡು ಸುಲಭಕ್ಕೆ ಬರಲಿಲ್ಲ. ಹದಿನೈದು ದಿನ ಕಾದು, ಬರದೇ ಇದ್ದಾಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟರು. ಒಂದು ತಿಂಗಳಿಗೆ ಎಂಟು ಸಾವಿರದ ಆರುನೂರು ರೂಪಾಯಿ ಕಲ್ಲವ್ವನ ಖಾತೆಗೆ ಬಂತು. ಮೆಸೇಜು ನಿಂತಿತು. ದುಡ್ಡಿನಲ್ಲಿ ತಾಯಿ ಮಗಳು ರೈಲಿನಲ್ಲಿ ದಿಲ್ಲಿಗೆ ಹೋಗಿ, ಆ ಆಸ್ಪತ್ರೆಯ ಗೇಟಿಗೆ ಹೂವಿಟ್ಟು ಬಂದರು. "ಮೊದಲನ ಕೇಳಬೇಕಾಗಿತ್ತು. ಶೈಲಾ ಹೇಳಿದ್ದು ಖರೇ" ಎಂದು ಕಲ್ಲವ್ವ ಈಗ ಎಲ್ಲರ ಮುಂದೆ ಹೇಳುತ್ತಾರೆ.

ಅಕ್ಕಂದಿರೆ, ಅಣ್ಣಂದಿರೆ, ನಿಮ್ಮ ಮನೆಯಲ್ಲೂ ಇಂಥ ಹಳೆಯ ಟಿಕೀಟು ಇರಬಹುದು. ಇವತ್ತೇ ಹುಡುಕಿ. ಮೊದಲು ಕಂಪನಿಗೆ ಬರಹದಲ್ಲಿ ಕೇಳಿ, ದೂರಿನ ನಂಬರು ಬರೆದಿಟ್ಟುಕೊಳ್ಳಿ. ಏಜೆಂಟರ ಮೂಲಕ ಮಾಡಿಸಿದ್ದರೆ ಅವರನ್ನೂ ಕೇಳಿ, ಏಕೆಂದರೆ ದುಡ್ಡು ಅವರ ಖಾತೆಗೆ ಬಂದಿರಬಹುದು, ಅದನ್ನು ಅವರು ನಿಮಗೆ ಮುಟ್ಟಿಸಲೇಬೇಕು. ಅವರು ಕಿವಿಗೊಡದಿದ್ದರೆ ೧೯೧೫ಕ್ಕೆ ಫೋನ್ ಮಾಡಿ, ಅದು ಗ್ರಾಹಕ ಸಹಾಯವಾಣಿ. ಗ್ರಾಹಕ ನ್ಯಾಯಾಲಯಕ್ಕೆ ಹೋಗಲು ಸಾಮಾನ್ಯವಾಗಿ ಎರಡು ವರ್ಷದ ಗಡುವು ಇದೆ. ತಡವಾದದ್ದಕ್ಕೆ ತಕ್ಕ ಕಾರಣ ಇದ್ದರೆ ಒಪ್ಪಬಹುದು, ಒಪ್ಪದೆಯೂ ಇರಬಹುದು. ತಿಳಿದವರನ್ನು ಕೇಳಿಯೇ ಮುಂದುವರಿಯಿರಿ. ಓಟಿಪಿಯನ್ನು ಯಾರಿಗೂ, ಎಷ್ಟೇ ಮೃದುವಾಗಿ ಕೇಳಿದರೂ, ಹೇಳಬೇಡಿ. ಟಿಕೀಟು ಮಾಡಿಸುವಾಗ ಗುರುತಿನ ಚೀಟಿಯಲ್ಲಿ ಇದ್ದ ಹಾಗೇ ಪೂರ್ತಿ ಹೆಸರು ಬರೆಸಿ. ಬಾಯಲ್ಲಿ ಹೇಳಲು ಸಂಕೋಚವಾದರೆ ಚೀಟಿ ತೋರಿಸಿ.

ಇಷ್ಟು ತಿಳಿದದ್ದು. ಏಪ್ರಿಲ್ ಹತ್ತೊಂಬತ್ತರಂದು ಆ ಫೋನ್ ಮಾಡಿದವರು ಯಾರು ಎಂದು ಕೇಳಿ ಶೈಲಶ್ರೀ ಕಂಪನಿಗೆ ಮೂರು ಸಲ ಬರೆದರು. ಹಳೆಯ ರೆಕಾರ್ಡು ಉಳಿದಿಲ್ಲ ಎಂದು ಉತ್ತರ ಬಂತು. ತಾರೀಖು ತಪ್ಪಿ ಬಿದ್ದಿರಬಹುದು. ಆಸ್ಪತ್ರೆಯಲ್ಲಿ ಯಾರೋ ಪುಣ್ಯಾತ್ಮರು ಕಾಡಪ್ಪನವರ ಕೊನೆಯ ಮಾತು ನಡೆಸಿಕೊಟ್ಟಿರಬಹುದು. ನಮಗೆ ಗೊತ್ತಿಲ್ಲ.