ಮನುಷ್ಯರಿರುವ ಯಂತ್ರ

ಕೀಬೋರ್ಡಿನ ಮೇಲೆ ಮತ್ತೆ ಸಿಮೆಂಟಿನ ಧೂಳು, ಬೆಳಿಗ್ಗೆಯಷ್ಟೇ ಒರೆಸಿದ್ದಳು, ಸಿಮೆಂಟ್ ಕಾರ್ಖಾನೆಯ ಊರು ವಾಡಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವಳು ಧೂಳಿನ ಮೇಲೆ ಸಿಟ್ಟಾದರೆ ಹೇಗೆ, ಸಿಟ್ಟು ಬೇರೆ ಕಡೆ ಬೇಕು, ಅದನ್ನು ಲುಂಬಿನಿ ಜೋಪಾನವಾಗಿ ಇಟ್ಟುಕೊಂಡಿದ್ದಾಳೆ, ಸೇಡಂನ ಸುರೇಶಕುಮಾರನಿಗಾಗಿ, ತಂಗಿ ಗೌತಮಿಯನ್ನು ನೋಡಲು ಬಂದವನು, ಒಪ್ಪಿದವನು, ನಿಶ್ಚಯದ ದಿನ ಗೌತಮಿಗೆಂದು ಹೊಸ ಲ್ಯಾಪ್‌ಟಾಪ್ ತಂದವನು — ಅಕ್ಕಾರ, ಬಿ.ಎಡ್. ಓದ್ಲಿಕ್ಕಿ ಬೇಕಾಗ್ತದಲ್ರಿ — ಎಷ್ಟು ಮೆತ್ತಗಿನ ಮಾತು, ಕುಡಿದ ಚಹಾದ ಕಪ್ಪನ್ನು ತಾನೇ ಒಳಗೆ ಒಯ್ದಿಟ್ಟ, ಅವ್ವ ಅಷ್ಟಕ್ಕೇ ಕರಗಿಹೋದಳು. ಮಳೆಗಾಲ ಮುಗಿಯುವುದರೊಳಗೆ ಗೌತಮಿ ಕೋಣೆಯಲ್ಲಿ ಆ ಲ್ಯಾಪ್‌ಟಾಪಿನ ಎದುರು ಬಟ್ಟೆ ಬದಲಿಸುತ್ತಿರುವ ಫೋಟೋ ಅವನ ಗೆಳೆಯರ ಮೊಬೈಲುಗಳಲ್ಲಿ, ನಿಶ್ಚಯ ಮುರಿದವನೂ ಅವನೇ, ಇಂಥಾ ಹುಡುಗಿ ನಮಗ ಬ್ಯಾಡ್ರಿ, ಯಾರ್ಯಾರಿಗಿ ಕಳಸ್ಯಾಳೋ, ಎಂದು ಚಿತ್ತಾಪುರದ ಹಿರಿಯರ ಮುಂದೆ ಚಾಪೆಯ ಮೇಲೆ ನಿಂತು ತಲೆ ತಗ್ಗಿಸಿ ಹೇಳಿದ, ತಲೆ ತಗ್ಗಿಸಿ! ಅಪ್ಪ ಎದ್ದು ಬಂದರು, ಸಬೂತ ಸಾಕ್ಷಿ ಇಲ್ದೆ ನಾ ಏನಂತ ಮಾತಾಡ್ಲಿ ಮಗಾ, ಗೌತಮಿ ಮುಧೋಳದ ಚಿಕ್ಕವ್ವನ ಮನೆ ಸೇರಿದಳು, ಕಾಲೇಜು ಬಿಟ್ಟಳು, ಕಿಟಕಿ ಮುಚ್ಚಿದರೂ ದೀಪ ಆರಿಸಿಯೇ ಬಟ್ಟೆ ಬದಲಿಸುತ್ತಾಳಂತೆ.

ಲ್ಯಾಪ್‌ಟಾಪ್ ಈಗ ದೂರಿನ ಜೊತೆ ಠಾಣೆಯಲ್ಲಿದೆ, ಅವನು ತಂದಾಗಲೇ ಅದರಲ್ಲಿದ್ದ ಪ್ರೋಗ್ರಾಮಿನ ಪ್ರತಿ ಮಾತ್ರ ಲುಂಬಿನಿಯ ಹತ್ತಿರ, ತಪಾಸಣೆಗೆ ಬಂದ ಪೊಲೀಸರ ತಜ್ಞ ಅದನ್ನು ವರ್ಚುವಲ್ ಮಷೀನಿನಲ್ಲಿ, ಅಂದರೆ ಕಂಪ್ಯೂಟರಿನೊಳಗೇ ಸಾಫ್ಟ್‌ವೇರಿನಿಂದ ಕಟ್ಟಿದ ಇನ್ನೊಂದು ಸುಳ್ಳು ಕಂಪ್ಯೂಟರಿನಲ್ಲಿ ಓಡಿಸಿ ನೋಡಿದ, ಏನೂ ಇಲ್ರಿ ಮೇಡಂ, ಸಾದಾ ಕ್ಯಾಲೆಂಡರ್ ಅದ. ಸಾದಾ ಅಂತೆ. ಅವಳು ಅದರ ಕೋಡನ್ನು ಸಾಲು ಸಾಲಾಗಿ ಬಿಡಿಸಿ ಓದಿದ್ದಾಳೆ, ಅದು ಮೊದಲು ಸುತ್ತಲೂ ನೋಡುತ್ತದೆ, ಡಿಸ್ಕಿನ ಹೆಸರೇನು, ನೆಟ್‌ವರ್ಕ್ ಕಾರ್ಡು ಯಾವ ಕಂಪನಿಯದು, ಮೆಮೊರಿ ಇಷ್ಟು ಕಡಿಮೆ ಯಾಕೆ, ಮೌಸ್ ಅಲುಗುತ್ತಿಲ್ಲ ಯಾಕೆ, ಹಳೆಯ ಫೈಲು ಒಂದೂ ಇಲ್ಲವಲ್ಲ — ಮನುಷ್ಯರಿಲ್ಲದ ಯಂತ್ರ, ಯಾರೋ ಪರೀಕ್ಷೆ ಮಾಡುತ್ತಿದ್ದಾರೆ, ಎಂದು ತಿಳಿದು ಕ್ಯಾಲೆಂಡರ್ ತೋರಿಸುತ್ತ ಕುಳಿತುಬಿಡುತ್ತದೆ. ಕೂತ್ಕೋ ಮತ್ತ, ಎಷ್ಟ್ ದಿನ ಕೂಡ್ತಿ ನೋಡ್ತೀನಿ. ತಾನೂ ಅಂಥದೇ ಸುಳ್ಳು ಕಂಪ್ಯೂಟರ್ ಕಟ್ಟಿದಳು, ಅದರ ಡಿಸ್ಕಿಗೆ ಬೇರೆ ಹೆಸರಿಟ್ಟಳು, ಕಾರ್ಡಿನ ನಂಬರು ಬದಲಿಸಿದಳು, ಮೆಮೊರಿ ಹೆಚ್ಚಿಸಿದಳು, ಇನ್ನು ಒಳಗೆ ಯಾರೋ ಬಾಳುತ್ತಿರುವಂತೆ ಕಾಣಬೇಕು, ಗೌತಮಿಗೆ ಫೋನು ಮಾಡಿದಾಗ ಅವಳು ಅಂದದ್ದು ಒಂದೇ ಮಾತು, ನನ್ನ ಫೋಟೋ ಬ್ಯಾಡ ಅಕ್ಕಾ — ಬ್ಯಾಡವ್ವ, ನನ್ನವೇ ಹಾಕ್ತೀನಿ — ಕಾಗಿಣಾ ಹೊಳೆಯ ದಂಡೆಯಲ್ಲಿ ತಾನು ಒದ್ದೆ ಸೀರೆಯಲ್ಲಿ ನಗುತ್ತಿರುವುದು, ಶಹಾಬಾದಿನ ಮದುವೆಯಲ್ಲಿ ಊಟಕ್ಕೆ ಕುಳಿತದ್ದು, ಕರೆಂಟ್ ಬಿಲ್ಲು, ಅರ್ಧ ಬರೆದ ಅರ್ಜಿ, ನೋಡಿದ ವಿಡಿಯೊಗಳ ಸಾಲು, ಎಲ್ಲ ತುಂಬಿದಳು, ಪ್ರೋಗ್ರಾಮು ಹೊರಗೆ ಕಳಿಸುವ ಪ್ರತಿಯೊಂದನ್ನೂ ದಾಖಲಿಸುವ ಏರ್ಪಾಟನ್ನು ಹೊರಗಿನ ನಿಜವಾದ ಕಂಪ್ಯೂಟರಿನಲ್ಲಿ ಇಟ್ಟಳು, ಕ್ಯಾಮೆರಾ ಜೋಡಿಸಿ ಎದುರು ತಾನೇ ಕುಳಿತಳು.

ಮೌಸ್ ಆಡಿಸುತ್ತಾಳೆ, ಹಾಡು ಹಚ್ಚುತ್ತಾಳೆ, ನಿಲ್ಲಿಸುತ್ತಾಳೆ, ಯಾರೋ ಪೆನ್‌ಡ್ರೈವ್ ಕೇಳಿಕೊಂಡು ಬಂದರು, ಸಂಜಿ ಮುಂದ ಬರ್ರಿ ಅಂಕಲ್, ಸುರೇಶಕುಮಾರ ಈಗ ಸೇಡಂನ ತನ್ನ ಮೊಬೈಲ್ ಅಂಗಡಿಯಲ್ಲಿ ಯಾರಿಗೋ ನಗುತ್ತ ಬರ್ರಿ ಕುಂದ್ರಿ ಅನ್ನುತ್ತಿರಬಹುದು, ನಗಲಿ, ಅದೇ ಹಿರಿಯರ ಮುಂದೆ ಅದೇ ಚಾಪೆಯ ಮೇಲೆ ಅವನನ್ನು ನಿಲ್ಲಿಸಿ, ಎಲ್ಲರಿಗೂ ಕೇಳುವಂತೆ ಈ ದಾಖಲೆಯನ್ನು ಓದಿಸಬೇಕು, ಅವನ ಅವ್ವನೂ ಇರಬೇಕು, ಅವನ ಬಾಯಿ ಒಣಗುವುದನ್ನು ತಾನು ಹತ್ತಿರದಿಂದ ನೋಡಬೇಕು — ಕ್ಯಾಮೆರಾದ ಪಕ್ಕದಲ್ಲಿ ಹಸಿರು ದೀಪದ ಚುಕ್ಕೆ. ಕ್ಯಾಮೆರಾ ಅವಳು ಹಚ್ಚಿಲ್ಲ. ಪ್ರೋಗ್ರಾಮು ನಂಬಿತು, ಮನುಷ್ಯರಿದ್ದಾರೆ ಎಂದು ನಂಬಿತು, ದಾಖಲೆಯ ಕಿಟಕಿಯಲ್ಲಿ ಸಾಲುಗಳು ಓಡತೊಡಗಿದವು, ಫೋಟೋ ಹೋಯಿತು, ಮತ್ತೊಂದು ಹೋಯಿತು, ಅವು ಹೋಗಿ ಸೇರಿದ ಖಾತೆಯ ಹೆಸರು ಹತ್ತು ಅಂಕಿಯ ಮೊಬೈಲ್ ನಂಬರು, ನಿಶ್ಚಯದ ಹಿಂದಿನ ದಿನ ಅಪ್ಪ ಗೋಡೆಯ ಮೇಲೆ ಬರೆದಿಟ್ಟಿದ್ದ ಸುರೇಶಕುಮಾರನ ನಂಬರು, ದಾಖಲೆ ಉಳಿಸಿದಳು, ಇನ್ನೊಂದು ಪ್ರತಿ ಉಳಿಸಿದಳು, ಠಾಣೆಗೆ ಈಗಲೇ ಹೋಗಬೇಕು, ಅಪ್ಪನಿಗೆ ಫೋನು, ಗೌತಮಿಗೆ ಫೋನು, ಏಳಬೇಕು, ಏಳಲಿಲ್ಲ, ಒಮ್ಮೆ ಅವನಿಗೆ ಮುಖಕ್ಕೆ ಮುಖ ಕೊಟ್ಟು ನೋಡಬೇಕು, ಹಸಿರು ಚುಕ್ಕೆ, ಅದರ ಆಚೆ ಅವನಿದ್ದಾನೆ, ಈಗ ಮೊಬೈಲ್ ತೆಗೆದು ಇವಳನ್ನೇ ನೋಡುತ್ತಾನೆ, ನೋಡು, ಕಣ್ಣು ಮಿಟುಕಿಸದೆ ಅವಳೂ ನೋಡುತ್ತಾಳೆ, ಹಸಿರು ಚುಕ್ಕೆ, ಹಸಿರು