ಅಂದಾನೆಪ್ಪನ ಕಾಮೆಂಟ್ರಿ

ರೋಣದ ಬಜಾರಿನಲ್ಲಿ ಬಣ್ಣ, ಮೊಳೆ, ತಂತಿ ಮಾರುವ ಅಂದಾನೆಪ್ಪನಿಗೆ ಅಂಗಡಿಯಲ್ಲಿ ಮಾತು ಅಷ್ಟಕ್ಕಷ್ಟೆ. ಗಿರಾಕಿ ಚೌಕಾಸಿಗೆ ಇಳಿದರೆ ಬೀದಿಯ ಕಡೆ ಮುಖ ಮಾಡಿ ಕೂರುವ ಆಸಾಮಿ. ಆದರೆ ಸುಗ್ಗಿ ಮುಗಿದು ಊರ ಮೈದಾನದಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಮೆಂಟ್ ಶುರುವಾಗಿ, ಅವನ ಕೈಗೆ ಮೈಕು ಬಂತೆಂದರೆ ಮುಗಿಯಿತು, ಅವನನ್ನು ಹಿಡಿಯುವವರೇ ಇರಲಿಲ್ಲ.

"ಹಗ್ಗ ಹರಕೊಂಡ ಹೋರಿ ಬಂದಂಗ ಬಂದಾನ ನೋಡ್ರಿ ಸವಡಿಯ ಮಾಳಿಂಗರಾಯ. ಹಾಕಿದಾ ಯೋರ್ಕರ್. ಜಕ್ಕಲಿಯವರ ಸ್ಟಂಪು ಹುಡುಕಾಕ ಈಗ ಮಂದಿ ಕಳಸಬೇಕು."

ಜನ ಆಟಕ್ಕಿಂತ ಈ ಮಾತಿಗೇ ಬರುತ್ತಿದ್ದರು. ಕ್ರಿಕೆಟ್ಟಿನ ಗಂಧಗಾಳಿ ಇಲ್ಲದ, ಮೈದಾನದ ಬಾಗಿಲಲ್ಲಿ ಶೇಂಗಾ ಮಾರುವ ಮುಮತಾಜಬಿ ಕೂಡ ಯೋರ್ಕರ್ ಅಂದರೆ ಎಂಥ ಚೆಂಡು ಎಂದು ಹೇಳಬಲ್ಲವಳಾಗಿದ್ದಳು. ಹರೆಯದಲ್ಲಿ ವಾಚನಾಲಯಕ್ಕೆ ಹೋಗಿ ಇಂಗ್ಲಿಷ್ ಪೇಪರಿನ ಆಟದ ಪುಟ ಓದಿ ಓದಿ ಅಂದಾನೆಪ್ಪ ಕಲಿತ ಶಬ್ದಗಳು ಅವು. ಅಕ್ಷರ ಇದ್ದಂತೆ ಉಚ್ಚಾರ. ಮುಂದೆ ಮನೆಗೆ ಟೀವಿ ಬಂದರೂ ಅದರ ಸದ್ದು ಬಂದ್ ಮಾಡಿ, ಚಿತ್ರ ನೋಡುತ್ತ ತಾನೇ ಕಾಮೆಂಟ್ರಿ ಹೇಳುತ್ತಿದ್ದ. ಹೀಗಾಗಿ ಬೇರೆಯವರು ಹೇಗೆ ಅನ್ನುತ್ತಾರೆ ಎಂಬುದು ಅವನ ಕಿವಿಗೆ ಬಿದ್ದಿರಲೇ ಇಲ್ಲ.

ಅವನ ಮಗಳು ಅನ್ನಪೂರ್ಣೇಶ್ವರಿ ದಿನಾ ಬಸ್ಸಿನಲ್ಲಿ ಗಜೇಂದ್ರಗಡಕ್ಕೆ ಹೋಗಿ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಹೋದ ವರ್ಷ ಟೂರ್ನಮೆಂಟಿನ ಫೈನಲನ್ನು ಊರ ಹುಡುಗರು ಮೊಬೈಲಿನಲ್ಲಿ ಲೈವ್ ಬಿಟ್ಟರು. ಮರುದಿನ ಸ್ಟಾಫ್ ರೂಮಿನಲ್ಲಿ ಜೊತೆಯ ಲೆಕ್ಚರರ್ ಅನಿಲಕುಮಾರ ಅದನ್ನು ಜೋರಾಗಿ ಹಚ್ಚಿದ. "ಯೋರ್ಕರ್ ಅಂತ, ಯೋರ್ಕರ್" ಎಂದು ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ದನಿ ನಮ್ಮಪ್ಪನದು ಎಂದು ಅನ್ನಪೂರ್ಣೇಶ್ವರಿ ಹೇಳಲಿಲ್ಲ. ಅವರ ಜೊತೆ ತಾನೂ ಒಂದಿಷ್ಟು ನಕ್ಕಳು.

ಆ ನಾಚಿಕೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಇರಲಿಲ್ಲ. ರವಿವಾರ ಮಧ್ಯಾಹ್ನ ಅಪ್ಪ ಊಟಕ್ಕೆ ಕೂತಾಗ ಶುರು ಮಾಡಿದಳು.

"ಯಪ್ಪಾ, ಅದು ಯೋರ್ಕರ್ ಅಲ್ಲ, ಯಾರ್ಕರ್. ಮೈಡನ್ ಓವರ್ ಅಲ್ಲ, ಮೇಡನ್ ಓವರ್."

ತಿದ್ದುಪಡಿಗಳು ಒಂದರ ಹಿಂದೆ ಒಂದು ಬಂದವು. ರೊಟ್ಟಿ ಬಡಿಯುತ್ತಿದ್ದ ಅವ್ವ ಕಲ್ಲವ್ವ "ಉಣ್ಣಾಕರ ಬಿಡಬೇ ಅವರನ್ನ" ಎಂದಳು. ಅನ್ನಪೂರ್ಣೇಶ್ವರಿ ಬಿಡಲಿಲ್ಲ. ಅಂದಾನೆಪ್ಪ ಸಿಟ್ಟಾಗಲಿಲ್ಲ; "ಹೌದನವಾ" ಎನ್ನುತ್ತ ಒಂದೊಂದು ಶಬ್ದವನ್ನೂ ಬಾಯೊಳಗೇ ಅಂದು ನೋಡಿದ. ಕೈ ತೊಳೆದು ಬಂದು ಮಗಳ ಎದುರು ನಿಂತ.

"ಹಂಗಾರ ಇಷ್ಟ್ ವರ್ಷ ಮಂದಿ ನಗತಿದ್ದದ್ದು ಇದಕ್ಕೇನವಾ? ನನ್ನ ಮಾತು ಚಲೋ ಅನಿಸಿ ನಗತಾರಂತ ನಾ ತಿಳಕೊಂಡಿದ್ದೆ."

ಇಲ್ಲಪ್ಪಾ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಇಲ್ಲ ಎನ್ನುವುದೇ ಖರೆಯೂ ಆಗಿತ್ತು. ಆದರೆ ಸ್ಟಾಫ್ ರೂಮಿನ ನಗೆ ಅವಳ ಕಿವಿಯಲ್ಲಿನ್ನೂ ಇತ್ತು. ಸುಮ್ಮನೆ ನಿಂತಳು. ಅದನ್ನು ನೆನೆದರೆ ಅವಳಿಗೆ ಇವತ್ತಿಗೂ ತನ್ನ ಮೇಲೇ ಹೇಸಿಕೆ ಬರುತ್ತದೆ.

ಅಂದಿನಿಂದ ಅಂದಾನೆಪ್ಪ ಟೀವಿಯ ಸದ್ದು ಹಚ್ಚಿಟ್ಟು, ಬಾಯಿ ಮುಚ್ಚಿಕೊಂಡು ಆಟ ನೋಡತೊಡಗಿದ. ಈ ವರ್ಷ ಟೂರ್ನಮೆಂಟ್ ಕಮಿಟಿಯ ಕಳಕಪ್ಪ ಮನೆಗೆ ಬಂದು "ಅಂದಾನೆಪ್ಪಣ್ಣ, ನೀವಿಲ್ಲದ ಆಟ ಹ್ಯಾಂಗ ನಡೀಬೇಕ್ರಿ" ಎಂದರೆ, "ಯಾರರ ಕಲಿತ ಹುಡುಗರಿಗೆ ಕೊಡ್ರಿ ಮೈಕು" ಎಂದುಬಿಟ್ಟ. ಕೊನೆಗೆ ಅನ್ನಪೂರ್ಣೇಶ್ವರಿಯೇ ಬೆನ್ನು ಹತ್ತಿದಳು. ಅಪ್ಪ ಮತ್ತೆ ಮೊದಲಿನಂತೆ ಮಾತಾಡಿದರೆ ಸಾಕಿತ್ತು ಅವಳಿಗೆ.

"ನನ್ನ ಸಲುವಾಗಿ ಹೋಗಪ್ಪಾ. ನೀ ಹ್ಯಾಂಗಂದರೂ ನಡೀತೈತಿ."

"ಗೊತ್ತಾದ ಮ್ಯಾಲೆ ಹ್ಯಾಂಗಂದರೂ ಹ್ಯಾಂಗ ನಡೀತೈತವಾ?" ಎಂದ. ಆದರೂ ಮಗಳ ಮಾತು ತೆಗೆದುಹಾಕಲಾರದೆ ಫೈನಲ್ಲಿಗೆ ಹೊರಟ. ಪೆಂಡಾಲಿನಲ್ಲಿ ಅವನ ಪಕ್ಕದ ಕುರ್ಚಿಯಲ್ಲಿ ಅವಳು ಕೂತಳು.

ಸವಡಿಗೂ ಅಸೂಟಿಗೂ ಆಟ. ಮೈಕಿನಲ್ಲಿ ಅಂದಾನೆಪ್ಪನ ದನಿ ಬಂದದ್ದೇ ಜನ ಸಿಳ್ಳೆ ಹೊಡೆದರು. "ಬೌಲರ್ ಬರಾಕತ್ತಾನ. ಇದು..." ಎಂದವನು ನಿಂತ. ಮನಸ್ಸಿನಲ್ಲೇ ಒಮ್ಮೆ ಅಂದುಕೊಂಡು, "ಇದು ಯಾರ್ಕರ್ ಐತಿ" ಎಂದ. ಅಷ್ಟರಲ್ಲಿ ಚೆಂಡು ಕೀಪರನ ಕೈ ಸೇರಿ ವಾಪಸ್ಸೂ ಬಂದಿತ್ತು. ಪ್ರತಿ ಇಂಗ್ಲಿಷ್ ಶಬ್ದಕ್ಕೂ ಹೀಗೆ ತಡೆದು ತಡೆದು, ಕಡೆಕಡೆಗೆ ಕನ್ನಡಕ್ಕೂ ತಡವರಿಸತೊಡಗಿದ. ಹೋರಿ ಬರಲಿಲ್ಲ, ಸ್ಟಂಪು ಹುಡುಕಲು ಯಾರನ್ನೂ ಕಳಿಸಲಿಲ್ಲ. ಜನ ಸ್ವಲ್ಪ ಹೊತ್ತು ಕಾದು ತಮ್ಮತಮ್ಮಲ್ಲೇ ಮಾತಿಗೆ ಬಿದ್ದರು. "ಮೈಕು ಕೆಟ್ಟೈತೇನ್ರಿ" ಎಂದು ಯಾರೋ ಕೇಳಿದರು.

"ಯಪ್ಪಾ, ಮೊದಲಿನಂಗ ಅನ್ನು," ಅನ್ನಪೂರ್ಣೇಶ್ವರಿ ಪಿಸುಗುಟ್ಟಿದಳು.

ಅವನು ಮೈಕಿಗೆ ಅಂಗೈ ಮುಚ್ಚಿ, "ಬಾಯಾಗ ಬರವಲ್ದವಾ" ಎಂದ.

ಕೊನೆಯ ಚೆಂಡಿಗೆ ಸವಡಿಗೆ ನಾಲ್ಕು ರನ್ ಬೇಕಿತ್ತು. ಮಾಳಿಂಗರಾಯ ಕಣ್ಣು ಮುಚ್ಚಿ ಬೀಸಿದ. ಚೆಂಡು ಮೇಲಕ್ಕೆದ್ದಿತು, ಮೈದಾನಕ್ಕೆ ಮೈದಾನವೇ ಎದ್ದು ನಿಂತಿತು, ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದೊಂದು ಬಿಟ್ಟರೆ ಏನೂ ಇಲ್ಲ. ಚೆಂಡು ಹಗ್ಗದಾಚೆ ಬಿದ್ದು, ಸವಡಿಯ ಹುಡುಗರು ನುಗ್ಗಿ ಮಾಳಿಂಗರಾಯನನ್ನು ಹೆಗಲ ಮೇಲೆ ಹೊತ್ತ ಮೇಲೆ, "ಇದು ಸಿಕ್ಸರ್ ಐತಿ" ಎಂದು ಕೇಳಿಸಿತು. ಬಹುಮಾನ ಗೆದ್ದವರ ಹೆಸರು ಕೂಗಲು ಕಳಕಪ್ಪ ಬಂದು, ಮುಖ ನೋಡದೆ ಅವನ ಕೈಯಿಂದ ಮೈಕು ತೆಗೆದುಕೊಂಡ.

ಅಂದಾನೆಪ್ಪ ಹೆಗಲ ಟವೆಲ್ಲಿನಿಂದ ಬೆವರು ಒರೆಸಿಕೊಂಡು ಮಗಳ ಕಡೆ ತಿರುಗಿದ.

"ಈ ಸಲ ಒಂದೂ ತಪ್ಪಾಗಲಿಲ್ಲ, ಅಲ್ಲೇನವಾ?"

"ಇಲ್ಲಪ್ಪಾ," ಎಂದಳು. "ಒಂದೂ ತಪ್ಪಾಗಲಿಲ್ಲ."

ಅವನ ಮುಖಕ್ಕೆ ಸಮಾಧಾನ ಬಂತು.